ಹನ್ನೆರಡು, ಆರು, ಆರು

ಲಿಂಗಂಪಲ್ಲಿಯ ನಮ್ಮ ಮನೆಯೆದುರು ಯಾರೋ ಗೇಟು ಮಾಡಿಸುತ್ತಿದ್ದಾರೆ. ಬೆಳಿಗ್ಗೆ ಕಿಟಕಿ ತೆಗೆದೊಡನೆ ಕಬ್ಬಿಣ ಕತ್ತರಿಸುವ ಸುಟ್ಟ ವಾಸನೆ ಒಳಗೆ ಬಂತು. ಮುಚ್ಚಿದೆ. ಅಷ್ಟರಲ್ಲಿ ಕಾಕಾ ನೆನಪಾಗಿಬಿಟ್ಟಿದ್ದರು...

ಬಾಲಾನಗರದ ಒಂದು ಶೆಡ್ಡಿನಲ್ಲಿ ಅವರು ವೆಲ್ಡಿಂಗ್ ಮಿಸ್ತ್ರಿ, ಎಲ್ಲರಿಗೂ ಕಾಕಾ. ನಾನು ಡಿಪ್ಲೊಮಾ ಮುಗಿಸಿ ಹೊಸದಾಗಿ ಸೇರಿದ್ದ ಡ್ರಾಯಿಂಗಿನವಳು; ಮೂರು ತಿಂಗಳು ನೋಡಿ ಕಾಯಂ ಮಾಡುವುದಾಗಿ ಹೇಳಿದ್ದರು. ಕಾಕಾ ಕಲಬುರಗಿ ಕಡೆಯವರು. ಶೆಡ್ಡಿನಲ್ಲಿ ಕನ್ನಡ ನಮ್ಮಿಬ್ಬರದೇ. ಅವರ ಮುಖ ಬರೆಯಲು ಹೋದರೆ ಬೇರೆ ಯಾರದೋ ಮುಖ ಬರುತ್ತದೆ. ಹಾಗಾಗಿ ಬರೆಯುವುದಿಲ್ಲ.

ಅವರದೊಂದು ಪದ್ಧತಿ. ತಗಡಿನ ಚಾವಣಿಗೆ ತ್ರಿಕೋನದ ಚೌಕಟ್ಟು ಮಾಡುವಾಗ ನನ್ನ ಚಿತ್ರ ನೋಡುತ್ತಿರಲಿಲ್ಲ, ಅಳತೆ ಕೇಳುತ್ತಿದ್ದರು. ಅಡಿಗೊಂದು ಬೆರಳಗಲದಂತೆ ವೆಲ್ಡಿಂಗ್ ಕಡ್ಡಿಯನ್ನು ಮೂರು ತುಂಡು ಮಾಡಿ ನೆಲದ ಮೇಲೆ ಜೋಡಿಸುತ್ತಿದ್ದರು. ತುದಿಗಳು ಕೂಡಿದರೆ ಮಾತ್ರ ಪೈಪು ಕತ್ತರಿಸುವುದು. "ಚಿತ್ರ ಸುಳ್ಳ ಹೇಳತೈತಿ ಬಾಯಾರ, ಕಡ್ಡಿ ಹೇಳಂಗಿಲ್ರಿ" ಅನ್ನುತ್ತಿದ್ದರು. ಹೀಗೇ ಅನ್ನುತ್ತಿದ್ದರೇ? ಇರಬಹುದು.

ಆ ದಿನ ಒಂದು ಶಾಲೆಗೆ ಎಂಟು ಚೌಕಟ್ಟು ಹೋಗಬೇಕಿತ್ತು, ಮಧ್ಯಾಹ್ನಕ್ಕೆ ಲಾರಿ. ಹಿಂದಿನ ವಾರ ಒಂದು ಪೈಪು ಹಾಳಾಗಿ, ಇನ್ನೊಂದು ಸಲ ಹೀಗಾದರೆ ಕೆಲಸಕ್ಕೆ ಬರುವುದು ಬೇಡ ಎಂದು ಮಾಲೀಕ ಕಾಕಾಗೆ ಎಲ್ಲರೆದುರು ಹೇಳಿದ್ದ. ಅವರು ಕಡ್ಡಿ ಎತ್ತಿಕೊಂಡರು. ನನಗೆ ಅವಸರ.

"ಬುಡ ಹನ್ನೆರಡಡಿ, ಇಳಿಜಾರು ಎರಡೂ ಆರಾರಡಿ. ನಾ ಎರಡು ಸಲ ನೋಡೀನಿ ಕಾಕಾ, ಕತ್ತರಸ್ರಿ."

"ಇಂಜಿನಿಯರ್ ಬಾಯಾರ ಹೇಳಿದ ಮ್ಯಾಲ ಮುಗೀತ ಬಿಡ್ರಿ," ಎಂದು ನಕ್ಕು ಕಡ್ಡಿ ಕೆಳಗಿಟ್ಟರು.

ಇಳಿಜಾರಿನ ಹದಿನಾರು ತುಂಡು ಕತ್ತರಿಸಿದ ಮೇಲೆ ಮೊದಲ ಎರಡನ್ನು ಬುಡದ ಎರಡು ತುದಿಗೆ ಹಿಡಿದರು. ಮೇಲೆತ್ತಿದರೆ ನಡುವೆ ಬಾಯಿ ಬಿಡುತ್ತಿತ್ತು. ಕೂಡಿಸಲೆಂದು ಇಳಿಸುತ್ತ ಹೋದರೆ ಕೊನೆಗೆ ಬುಡದ ಮೇಲೆ ಅಂಗಾತ ಮಲಗಿಬಿಟ್ಟವು. ಎರಡು ಬದಿ ಕೂಡಿ ಮೂರನೆಯದನ್ನು ಮೀರದಿದ್ದರೆ ತ್ರಿಕೋನವೇ ಇಲ್ಲ, ಶಾಲೆಯಲ್ಲಿ ಓದಿದ್ದೆ. ಆರೂವರೆ ಬರೆಯಬೇಕಾದಲ್ಲಿ ಹನ್ನೆರಡರ ಅರ್ಧ ಬರೆದಿದ್ದೆ. ಕಾಗದದ ಮೇಲೆ ಮಾತ್ರ ಚಾವಣಿ ಚೆಂದಾಗಿ ಎದ್ದು ನಿಂತಿತ್ತು.

"ಜೋಡು ಹಚ್ಚಿ ಉದ್ದ ಮಾಡಾಕ ಬರಂಗಿಲ್ರಿ. ತೆಳಗ ಮಕ್ಕಳು ಕುಂದರತಾವ," ಎಂದರು ಕಾಕಾ ಮೆಲ್ಲಗೆ.

ಮಾಲೀಕ ಬಂದ. "ಕಿಸ್ನೆ ಬೋಲಾ ಕಾಟ್‌ನೇ ಕೋ?" ಕತ್ತರಿಸಲು ಹೇಳಿದ್ದು ಯಾರು ಎಂದು ಕೇಳಿದ. ಡ್ರಾಯಿಂಗ್ ನನ್ನ ಕೈಯಲ್ಲೇ ಇತ್ತು. ಕಾಕಾ ನನ್ನತ್ತ ನೋಡಿ ಕಾದರು... ಕಾಯಲಿಲ್ಲವೇನೋ, ಆ ಹೊತ್ತನ್ನು ನಾನೇ ಉದ್ದ ಮಾಡಿದ್ದೇನೋ. ಆಮೇಲೆ, ಕಡ್ಡಿ ಇಟ್ಟು ನೋಡದೇ ಇದ್ದದ್ದು ತನ್ನದೇ ತಪ್ಪು ಎಂದು ಹಿಂದಿಯಲ್ಲಿ ಹೇಳಿದರು. ಅದು ಸುಳ್ಳೂ ಅಲ್ಲ. ನಾನು ಕಾಗದ ಮಡಚಿ ಬ್ಯಾಗಿಗೆ ಹಾಕಿದೆ.

ಮರುದಿನ ಅವರು ಬರಲಿಲ್ಲ. ನಾನು ಕಾಯಂ ಆದೆ.

ಅವರನ್ನು ಹುಡುಕಿಕೊಂಡು ಹೋಗಲಿಲ್ಲ. ಈಗ ಆ ಶೆಡ್ಡಿಲ್ಲ, ಅವರು ಇದ್ದಾರೋ ಇಲ್ಲವೋ ಕೇಳಲು ಯಾರೂ ಇಲ್ಲ. ಈ ಕತೆಯನ್ನು ಯಾರಿಗಾದರೂ ಹೇಳುವಾಗ ಪ್ರತಿ ಸಲ ಸ್ವಲ್ಪ ತಿದ್ದಿದ್ದೇನೆ. ಒಮ್ಮೆ, ನಾನು ಊಟಕ್ಕೆ ಹೋಗಿದ್ದೆ. ಇನ್ನೊಮ್ಮೆ, ನಾನು ಹೇಳಿದೆ, ಯಂತ್ರದ ಸದ್ದಿಗೆ ಯಾರಿಗೂ ಕೇಳಿಸಲಿಲ್ಲ.

ಆದರೆ ಮಾಲೀಕ ಕೇಳಿದಾಗ ಯಂತ್ರಗಳೆಲ್ಲ ನಿಂತಿದ್ದವು. ಕೆಮ್ಮಿದ್ದರೂ ಕೇಳಿಸುತ್ತಿತ್ತು.