ಗೋಧಿ ಬಿಟ್ಟ ಬ್ರಾಹ್ಮಿ

ಜುಗೂಳದ ಪಾಟೀಲರ ಸೊಸೆ ಬ್ರಾಹ್ಮಿಗೆ ಗೋಧಿ ಆಗಿಬರುವುದಿಲ್ಲ ಎಂದು ಮಿರಜದ ಡಾಕ್ಟರು ಹೇಳಿದ್ದು ೨೦೧೧ರಲ್ಲಿ. ಅಷ್ಟರಲ್ಲಿ ಅವಳು ವರ್ಷಗಟ್ಟಲೆ ಹೊಟ್ಟೆ ಹಿಡಿದುಕೊಂಡು ಓಡಾಡಿ, ಮೈಯಲ್ಲಿ ರಕ್ತವಿಲ್ಲದೆ ಬಿಳಿಚಿಕೊಂಡು, ಮೊದಲ ಬಸಿರನ್ನೂ ಕಳೆದುಕೊಂಡಿದ್ದಳು. ಚಪಾತಿ, ರವೆ, ಮೈದಾ ಯಾವುದೂ ಬೇಡ, ಚೂರೂ ಬೇಡ, ಬದುಕಿರುವತನಕ ಬೇಡ ಎಂದರು ಡಾಕ್ಟರು. ಬ್ರಾಹ್ಮಿ ಬಿಟ್ಟೇಬಿಟ್ಟಳು. ಗಿರಣಿಯಲ್ಲಿ ಗೋಧಿ ಬೀಸಿದ ಬೆನ್ನಿಗೆ ತನ್ನ ಜೋಳ ಹಾಕಲೂ ಬಿಡುತ್ತಿರಲಿಲ್ಲ, ಹಿಟ್ಟು ಬೆರೆಯುತ್ತದಲ್ಲ. ಗಿರಣಿಯವನು ಗೊಣಗಿದರೆ ಗೊಣಗಲಿ. ಕೆನ್ನೆಗೆ ಬಣ್ಣ ಬಂತು, ಮರುವರ್ಷ ಮತ್ತೆ ಬಸಿರಾದಳು.

ಆದರೆ ಅತ್ತೆ ಲಕ್ಷ್ಮಿಬಾಯಿಗೆ ಮಂದಿಯ ಬಾಯಿಯ ಭಯ. ಸೊಸೆಗೆ ರೋಗ ಎಂದರೆ ಮನೆತನದ ಮಾನ ಏನಾಗಬೇಕು? ಜೈನರ ಮನೆಯಲ್ಲಿ ಯಾರಾದರೂ ಒಂದು ಪದಾರ್ಥ ಬಿಡುವ ನೇಮ ಹಿಡಿದರೆ ಎಲ್ಲರೂ ಕೈಮುಗಿಯುತ್ತಾರೆ, ತಿನ್ನೆಂದು ಯಾರೂ ಒತ್ತಾಯ ಮಾಡುವುದಿಲ್ಲ. "ನಮ್ಮ ಬ್ರಾಹ್ಮಿ ಚಾತುರ್ಮಾಸ ಮುಗಿಯೂತನಕ ಗೋಧಿ ಬಿಟ್ಟಾಳ್ರಿ" ಎಂದು ಊರೆಲ್ಲ ಸಾರಿದರು. ಉಪಾಯವೇನೋ ಚೆನ್ನಾಗಿತ್ತು. ಅಂಥ ನೇಮಕ್ಕೆ ಮುಗಿಯುವ ದಿನವೊಂದು ಇರುತ್ತದೆ ಎಂಬುದನ್ನು ಮರೆತಿದ್ದರು, ಅಷ್ಟೆ.

ದೀಪಾವಳಿ ಕಳೆದು, ಚಾತುರ್ಮಾಸವೂ ಮುಗಿದು ಕುಬುಸದ ದಿನ ಬಂತು. ಹಸಿರು ಸೀರೆಯುಟ್ಟು ಕುಳಿತ ಬಸುರಿಗೆ ಮುತ್ತೈದೆಯರು ಒಬ್ಬೊಬ್ಬರಾಗಿ ತುತ್ತು ಉಣಿಸಬೇಕು. ಲಕ್ಷ್ಮಿಬಾಯಿಯ ನಾದಿನಿ ತಾರವ್ವ ಅಥಣಿಯಿಂದ ಬುಟ್ಟಿ ತುಂಬ ಹೋಳಿಗೆ ತಂದಿದ್ದರು. ಮೊದಲ ತುತ್ತು ಅವರದೇ.

"ನೇಮಾ ಮುಗೀತಲ್ಲ, ಬಾಯಿ ತಗಿಯವಾ."

ಬ್ರಾಹ್ಮಿ ಅತ್ತೆಯತ್ತ ನೋಡಿದಳು. ಒಂದೇ ತುತ್ತು ತಿಂದುಬಿಡು ಎಂದು ಲಕ್ಷ್ಮಿಬಾಯಿ ಕಣ್ಣಲ್ಲೇ ಬೇಡಿಕೊಂಡರು. ಬ್ರಾಹ್ಮಿಗೆ ಮೈಯೆಲ್ಲ ಉರಿಯಿತು.

"ನಾ ಯಾವ ನೇಮಾನೂ ಹಿಡಿದಿಲ್ರಿ ತಾರತ್ತಿ. ಗೋಧಿ ತಿಂದ್ರ ನನಗ ರೋಗ ಬರತೈತಿ. ಸಾಯೂತನಕ ತಿನ್ನಾಂಗಿಲ್ಲ."

"ಇಷ್ಟ ಮಂದ್ಯಾಗ ರೋಗ ಅಂತ ಹೇಳಾಕ ನಾಚಿಕಿ ಬರೂದಿಲ್ಲೇನ ನಿನಗ?" ಎಂದರು ತಾರವ್ವ.

"ಹೋದ ಸಲ ಎಲ್ಲಾರೂ ಕೊಟ್ಟಿದ್ದು ತಿಂದ್ನಿರಿ. ಕೂಸು ಹೋತು. ಈ ಕೂಸನ್ನ ಮಂದಿ ಮರ್ಯಾದಿಗೆ ಬಿಟ್ಟುಕೊಡಾಂಗಿಲ್ಲ. ಸಿಟ್ಟಾಗೂದಿದ್ರ ಆಗ್ರಿ."

ತಾರವ್ವ ಚಾಚಿದ ಕೈ ಹಿಂದೆಗೆಯಲಿಲ್ಲ, ಬ್ರಾಹ್ಮಿ ಬಾಯಿ ತೆರೆಯಲಿಲ್ಲ. ಕೊನೆಗೆ ಲಕ್ಷ್ಮಿಬಾಯಿಯೇ ಎದ್ದು ನಾದಿನಿಯ ಕೈಯಿಂದ ಹೋಳಿಗೆ ತೆಗೆದು ಬುಟ್ಟಿಗೆ ಹಾಕಿದರು.

"ಸುಳ್ಳ ಹೇಳಿದಾಕಿ ನಾನು. ಅಕೀ ಮ್ಯಾಲ ಯಾಕ ಸಿಟ್ಟಾಗ್ತಿ?"

ಅಡುಗೆಮನೆಗೆ ಹೋಗಿ ಶೇಂಗಾದ ಉಂಡೆ ತಂದು ಸೊಸೆಯ ಬಾಯಿಯ ಹತ್ತಿರ ಹಿಡಿದರು. ಬ್ರಾಹ್ಮಿ ಆಗಲೂ ಬಾಯಿ ತೆರೆಯಲಿಲ್ಲ.

"ಇದಕ್ಕ ಏನೇನ ಹಾಕೀರಿ ಅತ್ತಿ?"

"ಶೇಂಗಾ, ಬೆಲ್ಲ."

"ಮತ್ತೇನಿಲ್ಲ?"

"ಮತ್ತೇನಿಲ್ಲವಾ. ಖರೇನ."

ಆಗ ಬಾಯಿ ತೆರೆದಳು.