ಬಚ್ಚಲ ಗೋಡೆಯಾಚೆ ಕೂತ ಅತ್ತಿಗೆ

ಮೂರು ಕಿಲೋ ಆಯಿತು! ಸರಿಯಾಗಿ ಹೇಳಬೇಕೆಂದರೆ ಮೂರು ಕಿಲೋ ನಲವತ್ತು ಗ್ರಾಂ.

ಅಂಜಲ್ ಮೀನಲ್ಲ ಮಾರಾಯ್ರೆ, ನನ್ನ ಮೊಮ್ಮಗಳು! ಇವತ್ತು ಬೆಳಿಗ್ಗೆ ಕುಂದಾಪುರದ ಡಾಕ್ಟರ ತಕ್ಕಡಿಯಲ್ಲಿ ಅವಳನ್ನು ಮಲಗಿಸಿದಾಗ ನಾನು ಕಣ್ಣು ಮುಚ್ಚಿ ಕೈ ಮುಗಿದಿದ್ದೆ. ಮೂವತ್ತು ವರ್ಷ ಮೀನು ತೂಗಿದವಳು ನಾನು. ಯಾವ ತೂಕಕ್ಕೂ ಹೀಗೆ ಕೈ ಮುಗಿದು ನಿಂತದ್ದಿಲ್ಲ.

"ಇನ್ನು ಹೆದರಿಕೆ ಇಲ್ಲ ಅಜ್ಜಿ, ಮನೆಯವರೆಲ್ಲ ಎತ್ತಿಕೊಳ್ಳಬಹುದು" ಅಂದರು ಡಾಕ್ಟರು. ನಾನು ಅವರ ಕಾಲಿಗೆ ಬೀಳಲು ಹೋದೆ. ಅವರು ಎರಡು ಮಾರು ಹಿಂದೆ ಹಾರಿದರು. (ಅವರಿಗೂ ಅಂತರ ಮುಖ್ಯ, ಪಾಪ.)

ಈ ಅಂಕಣ ಇಷ್ಟು ವಾರ ಯಾಕೆ ಬರಲಿಲ್ಲ ಎಂದು ಕೇಳಿದವರಿಗೆಲ್ಲ ಇದೇ ಉತ್ತರ. ಬರೆಯುವ ಕೈಯಲ್ಲಿ ಮಗು ಇತ್ತು.

ಮಗಳಿಗೆ ಒಂದೂವರೆ ತಿಂಗಳು ಮೊದಲೇ ಹೆರಿಗೆ ಆಯಿತು. ಅದೂ ಎಂಥ ಹೊತ್ತಿನಲ್ಲಿ? ಊರಲ್ಲಿ ದಿನಕ್ಕೊಂದು ಮನೆಗೆ ಕೊರೊನಾ ಪಾಸಿಟಿವ್ ಬರುತ್ತಿದ್ದ ಹೊತ್ತಿನಲ್ಲಿ. ಮಗು ಎರಡು ಕಿಲೋ ಕೂಡ ಇರಲಿಲ್ಲ. ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ಎರಡು ಮಾತು ಹೇಳಿದರು. ಎರಡೂವರೆ ಕಿಲೋ ಆದ ಮೇಲೆ ನೀರು ಹೊಯ್ದು ಮೀಸಿ. ಮೂರು ಕಿಲೋ ಆಗುವವರೆಗೆ ತಾಯಿ ಮತ್ತು ನೋಡಿಕೊಳ್ಳುವ ಒಬ್ಬರು ಬಿಟ್ಟು ಬೇರೆ ಯಾರೂ ಮುಟ್ಟಬಾರದು.

ಆ ಒಬ್ಬಳು ನಾನು. ಅವತ್ತೇ ಮೀನಿನ ಬುಟ್ಟಿ ಕವುಚಿ ಹಾಕಿದೆ. ನಲವತ್ತು ಮನೆ ಬಾಗಿಲಿಗೆ ಹೋಗುವವಳು ಮಗುವನ್ನು ಹೇಗೆ ಮುಟ್ಟುವುದು? ಬೈಂದೂರಿನಲ್ಲಿ ಅಂಗಡಿ ಇಟ್ಟ ಅಳಿಯನಿಗೆ ಕಿಟಕಿ ಹೊರಗೆ ಜಾಗ. ನಮ್ಮ ಯಜಮಾನರಿಗೆ ಅಂಗಳದಾಚೆ ಬಲೆ ಇಡುವ ಕೊಟ್ಟಿಗೆ. ಊಟ, ನಿದ್ದೆ ಎಲ್ಲ ಅಲ್ಲೇ.

ಯಜಮಾನರು ಹಾರಾಡಿದರು. "ಹ್ವಾಯ್, ನಾ ಕಡಲಿಗೇ ಹೆದ್ರದವ. ಕಣ್ಣಿಗೇ ಕಾಣದ ಹುಳಕ್ಕೆ ಹೆದ್ರುದಾ?"

"ಕಡಲಿಗೆ ಹೆದ್ರದವ್ರು ಗಾಳಿ ಎದ್ದ ದಿನ ದೋಣಿ ಎಂತಕ್ಕೆ ಮೇಲೆ ಎಳ್ದ್ ಕಟ್ತ್ರಿ?" ಎಂದು ಕೇಳಿದೆ.

"ಅದ್ ಹೆದ್ರಿಕೆ ಅಲ್ಲ. ಅನುಭವ."

ನೋಡಿ ಹೇಗಿದೆ! ಗಂಡಸು ಹೆದರಿದರೆ ಅನುಭವ, ಹೆಂಗಸು ಹೆದರಿದರೆ ಪುಕ್ಕಲುತನ.

ಊರಿನವರಿಗೂ ನಾನು ತಮಾಷೆಯಾದೆ. ಬಸ್ ಸ್ಟ್ಯಾಂಡಿನಲ್ಲಿ ಯಾರೋ "ಗುಲಾಬಕ್ಕ ಕೊರೊನಾಕ್ಕಿಂತ ಜೋರ್" ಅಂದರಂತೆ. ಒಪ್ಪಿದೆ. ಜೋರಾಗಿಯೇ ಇದ್ದೆ. (ಸ್ವಲ್ಪ ಅತಿಯೂ ಆಯಿತು. ಒಂದು ದಿನ ಬಸಳೆ ಸೊಪ್ಪನ್ನು ಸೋಪು ಹಾಕಿ ತೊಳೆದೆ. ಸಾರಿನಲ್ಲಿ ನೊರೆ ಬಂತು.) ಹಾಗೆ ನಕ್ಕವರಲ್ಲಿ ಒಬ್ಬರು ಈಗ ಇಲ್ಲ. ಅವರ ವಿಷಯ ನಾನು ಬರೆಯುವುದಿಲ್ಲ. ಒಳ್ಳೆಯ ಮನುಷ್ಯ, ದಿನಾ ನನ್ನ ಹತ್ತಿರ ಮೀನು ಕೊಳ್ಳುತ್ತಿದ್ದರು.

ಊರಿನವರ ಮಾತು ಬಿಡಿ. ಕಷ್ಟ ಆದದ್ದು ಅತ್ತಿಗೆಯ ವಿಷಯದಲ್ಲಿ.

ಅತ್ತಿಗೆ ಅಂದರೆ ಯಜಮಾನರ ಅಕ್ಕ, ಲಚ್ಚಕ್ಕ. ನಮ್ಮಿಂದ ಎರಡು ಮನೆ ಆಚೆ ಇರುವುದು. ನಮ್ಮ ಕಡೆ ಬಾಣಂತಿ, ಮಗುವನ್ನು ಮೀಸುವುದೆಂದರೆ ಎಲ್ಲರಿಗೂ ಬರುವ ಕೆಲಸವಲ್ಲ. ಎಣ್ಣೆ ಎಷ್ಟು, ಬಿಸಿ ಎಷ್ಟು, ತಲೆ ಹೇಗೆ ಒತ್ತಿ ಉರುಟು ಮಾಡುವುದು, ಮೂಗು ಹೇಗೆ ಎಳೆಯುವುದು ಎಂಬುದೆಲ್ಲ ಅವರ ಕೈಗೆ ಗೊತ್ತು. ನಮ್ಮ ಮನೆಯಲ್ಲಿ ಹುಟ್ಟಿದ ಒಂದೊಂದು ಮಗುವೂ ಅವರ ಕಾಲ ಮೇಲೆ ಮಲಗಿ ಮಿಂದದ್ದೇ. ಆದರೆ ಅವರು ಅದೇ ಹೊತ್ತಿನಲ್ಲಿ ಬೇರೆ ಮೂರು ಮನೆಗೂ ಮಗು ಮೀಸಲಿಕ್ಕೆ ಹೋಗುತ್ತಿದ್ದರು. ಮಾಸ್ಕ್ ಇಲ್ಲ. ಕೇಳಿದರೆ ಬೈಗುಳ.

ನಾನು ಅಂಗಳದಲ್ಲೇ ತಡೆದೆ.

"ಎಂತಾ? ನಾ ಮೀಸುಕ್ ಆಗಾ? ನಿನ್ ಗಂಡನ್ನ ಮೀಸಿದ್ ನಾನ್. ನಿನ್ ಮಗಳನ್ನ ಮೀಸಿದ್ ನಾನ್. ಈಗ ನಂಗೇ ಗೇಟ್ ಹಾಕ್ತ್ಯಾ ಹೆಣೆ?"

"ಗೇಟ್ ನಿಮ್ಗಲ್ಲ ಅತ್ಗಿ. ನೀವ್ ಹೋಯಿ ಬಂದ ಮೂರ್ ಮನಿಗೆ."

"ನಂಗೆಂತದೂ ಆತಿಲ್ಲೆ!"

"ನಿಮ್ಗೆ ಆತಿಲ್ಲೆ. ಮಗುಗೆ ಆದ್ರೆ ಎಂತ ಮಾಡುದ್?"

ಅವರು ಅಂಗಳದಲ್ಲಿ ಬಿಟ್ಟಿದ್ದ ಚಪ್ಪಲಿ ಎತ್ತಿಕೊಂಡರು. ಆಮೇಲೆ ತಿರುಗಿ ಹೋದರು. ಚಪ್ಪಲಿಯನ್ನೂ ಹಾಕಿಕೊಳ್ಳಲಿಲ್ಲ, ಕೈಯಲ್ಲಿ ಹಿಡಿದುಕೊಂಡೇ ಹೋದರು. ಹಾಗೆ ಯಾರಾದರೂ ನನ್ನನ್ನು ತಿರುಗಿಸಿ ಕಳಿಸಿದ್ದರೆ ನಾನು ಈ ಜನ್ಮದಲ್ಲಿ ಆ ಮನೆ ಮೆಟ್ಟಿಲು ಹತ್ತುತ್ತಿರಲಿಲ್ಲ.

ಮಗುವಿಗೆ ಎರಡೂವರೆ ಕಿಲೋ ಆದ ಮಾರನೆಯ ದಿನ ಬೆಳಿಗ್ಗೆ ನಾನು ಬಚ್ಚಲಲ್ಲಿ ಮಣೆ ಮೇಲೆ ಕೂತೆ. ಕಾಲು ಚಾಚಿದೆ. ಮಗಳು ಮಗುವನ್ನು ಕಾಲ ಮೇಲೆ ಮಲಗಿಸಿ ಬಾಗಿಲಲ್ಲಿ ನಿಂತಳು. ನಿಜ ಹೇಳುತ್ತೇನೆ, ನನಗೆ ಮಗು ಮೀಸಲಿಕ್ಕೆ ಬರುತ್ತಿರಲಿಲ್ಲ. ಸ್ವಂತ ಮಗಳನ್ನೇ ನಾನು ಮೀಸಿದವಳಲ್ಲ. ಹೆಬ್ಬೆರಳಿನಷ್ಟು ದಪ್ಪದ ಕಾಲು, ಅದರ ಮೇಲೆ ಎಣ್ಣೆ. ಜಾರಿದರೆ? ತಂಬಿಗೆ ಎತ್ತಿದೆ.

"ಹ್ವಾಯ್! ಮೊದ್ಲೇ ತಲಿಗ್ ಹೊಯ್ಬೇಡ! ಬೆನ್ನಿಗ್ ಹೊಯ್, ಬೆನ್ನಿಗ್!"

ಗೋಡೆಯ ಆಚೆಯಿಂದ! ಬಾವಿಕಟ್ಟೆಯ ಮೇಲೆ ಅತ್ತಿಗೆ ಕೂತಿದ್ದರು. ಯಾವಾಗ ಬಂದರೋ, ಮಗಳು ಫೋನ್ ಮಾಡಿದ್ದಳೋ, ಇವತ್ತಿಗೂ ಇಬ್ಬರೂ ಬಾಯಿ ಬಿಡುವುದಿಲ್ಲ.

ನೀರು ಬೀಳುವ ಸದ್ದಿನಲ್ಲೇ ಅವರಿಗೆ ಎಲ್ಲ ಗೊತ್ತಾಗುತ್ತಿತ್ತು. ತಂಬಿಗೆ ಎತ್ತರ ಹೋದರೆ ಗೊತ್ತು. ನಾನು ಉಜ್ಜುವುದು ಜೋರಾದರೆ ಗೊತ್ತು.

"ತಿಕ್ಕುದ್ ಸಾಕ್! ಅದ್ ಬಂಗ್ಡಿ ಅಲ್ಲ ಮಾರಾಯ್ತಿ, ಪೊರೆ ತೆಗೂಕೆ!"

ಮಗಳು ಬಾಗಿಲಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೆರಿಗೆಯಾದ ಮೇಲೆ ಅವಳು ನಕ್ಕದ್ದು ಅವತ್ತೇ ಮೊದಲು. ಅತ್ತಿಗೆ ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ. ಮಳೆ ಬಂದ ದಿನ ಕೊಡೆ ಹಿಡಿದು ಕೂತರು. ಮಾಸ್ಕ್ ಹಾಕಲಿಲ್ಲ, ಒಳಗೂ ಬರಲಿಲ್ಲ. ಅವರ ಧೈರ್ಯವನ್ನು ಅವರು ಬಿಡಲಿಲ್ಲ, ನನ್ನ ಹೆದರಿಕೆಯನ್ನು ನಾನು ಬಿಡಲಿಲ್ಲ. ನಡುವೆ ಒಂದು ಗೋಡೆ. ಆ ಗೋಡೆ ಇದ್ದುದರಿಂದಲೇ ಮಗು ಸರಿಯಾಗಿ ಮಿಂದಿತು ಅನ್ನುತ್ತೇನೆ ನಾನು. ಬೇಕಾದರೆ ಜಗಳಕ್ಕೆ ಬನ್ನಿ.

ಇವತ್ತು ಕುಂದಾಪುರದಿಂದ ಬಂದವಳೇ ಸೀದಾ ಅವರ ಅಂಗಳಕ್ಕೆ ಹೋದೆ. ಗುಡಿಸುತ್ತಿದ್ದರು.

"ಅತ್ಗಿ, ಮೂರ್ ಕಿಲೋ ಆಯ್ತ್. ಬನ್ನಿ, ಎತ್ಕಣಿ."

"ನಾ ಬತ್ತಿಲ್ಲೆ. ಇಷ್ಟ್ ದಿನ ಬಾವಿಕಟ್ಟಿ ಮೇಲ್ ಕೂರ್ಸಿ ಈಗ ಕರೀತ್ಯಾ?"

"ಬನ್ನಿ ಅಂದೆ. ಆದ್ರೆ ಮೂಗ್ ಬಾಯಿ ಮುಚ್ಕಂಡ್ ಬನ್ನಿ."

ಹಿಡಿಸೂಡಿ ಹಾರಿ ಬಂತು. ತಪ್ಪಿಸಿಕೊಂಡೆ.

ಬರುವುದಿಲ್ಲ ಅಂತಲೇ ಅಂದುಕೊಂಡೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಬಂದರು. ಮಿಂದು, ಒದ್ದೆ ಕೂದಲು ಗಂಟು ಹಾಕಿ, ಸೆರಗನ್ನು ಮೂಗಿನ ಮೇಲೆ ಬಿಗಿದು ಕಟ್ಟಿಕೊಂಡು.

"ಇದ್ ಸೆರಗ್! ಮಾಸ್ಕ್ ಅಂದ್ರೆ ತಿರ್ಗಿ ಹೋತೆ!"

"ಸೆರಗೇ ಅತ್ಗಿ, ಸೆರಗೇ."

ಮಗುವನ್ನು ಕೈಗೆ ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿದರು. ತಲೆ ಸವರಿದರು. "ತಲಿ ಅಡ್ಡಿಲ್ಲೆ. ಮೂಗ್ ಎಳೀಲೇ ಇಲ್ಲ ಅಲ್ದಾ ನೀ? ಚಪ್ಪಟಿ ಆಯಿತ್ ಕಾಣ್!" ಬಯ್ಯುತ್ತಲೇ ಇದ್ದರು. ಆದರೆ ಕಟ್ಟಿದ ಸೆರಗಿನ ಮೇಲಂಚು ಒದ್ದೆಯಾಗುತ್ತಾ ಬಂತು. ನಾನು ಅಡುಗೆ ಮನೆಗೆ ಹೋದೆ. ಕೆಲವನ್ನು ನಿಂತು ನೋಡಬಾರದು.

ಆಮೇಲೆ ಊಟ. ಮಗುವನ್ನು ಒಳಕೋಣೆಯಲ್ಲಿ ಮಲಗಿಸಿ ಬಾಗಿಲು ಎಳೆದುಕೊಂಡು ಎಲ್ಲರೂ ಜಗಲಿಯಲ್ಲಿ ಕೂತೆವು. (ಗಾಳಿ ಆಡುವ ಜಾಗ. ನಾನು ಬದಲಾಗಿಲ್ಲ.) ಮಗಳಿಗೆ ಕಾಳುಮೆಣಸು ಹಾಕಿದ ಕಾಣೆ ಮೀನಿನ ಸಾರು, ಉಳಿದವರಿಗೆ ಬಂಗಡೆ. ಬಲೆ ಕೊಟ್ಟಿಗೆಯಿಂದ ಯಜಮಾನರು ಎದ್ದು ಬಂದು ಅಕ್ಕನ ಪಕ್ಕ ಕೂತರು. ಅಳಿಯ ಮೂರನೇ ಸಲ ಅನ್ನ ಹಾಕಿಸಿಕೊಂಡ. ಅತ್ತಿಗೆ ಸೆರಗು ಬಿಚ್ಚಿ, ಸಾರಿಗೆ ಹುಳಿ ಕಮ್ಮಿ ಅಂದರು. ಅಂದು, ಇನ್ನೆರಡು ಸೌಟು ಹಾಕಿಸಿಕೊಂಡರು.

ಐದು ಬಾಳೆ ಎಲೆ, ಐದೂ ಎಲೆಯ ಮುಂದೆ ಜನ. ಹೆದರಿ ನಾನು ಕಳೆದುಕೊಂಡದ್ದಾದರೂ ಏನು, ಹೇಳಿ?