ಕಲ್ಲುಗುಲಾಬಿ ಹಚ್ಚಿದ ಕೈ

ಹೋದ ವಾರ ನಮ್ಮ ಮಾಲಿಕರು ಮನೆ ಬಿಡಿ ಎಂದರು. ಬಾಡಿಗೆ ಬಾಕಿ ಇರಲಿಲ್ಲ. ಕೂಗಾಟ, ಹೊಡೆದಾಟ ಏನೂ ಆಗಿರಲಿಲ್ಲ. ಕಾರಣ ಕೇಳಿದರೆ ನಿಮಗೆ ನಗು ಬಂದೀತು. ಒಂದು ಗಿಡ.

ಗಿಡವೆಂದರೆ ದೊಡ್ಡ ಮರವಲ್ಲ. ಅಂಗೈಯಷ್ಟು ಅಗಲ. ದಪ್ಪ ಎಲೆಗಳು ಒಂದರ ಬದಿಗೊಂದು ಸುತ್ತಿಕೊಂಡು, ಅರಳಿದ ಗುಲಾಬಿಯಂತೆ ಕಾಣುತ್ತದೆ. ಬೂದಿ ಬೆರೆತ ನೀಲಿ ಬಣ್ಣ. ನಮ್ಮ ಆಫೀಸಿನ ಸಾಹೇಬರು ಅದಕ್ಕೆ ಉದ್ದನೆಯ ಲ್ಯಾಟಿನ್ ಹೆಸರು ಹೇಳುತ್ತಾರೆ. (ನನ್ನ ನಾಲಿಗೆ ಅತ್ತ ಹೊರಳುವುದಿಲ್ಲ.) ನಮ್ಮ ಮನೆಯಲ್ಲಿ ಅದು ಕಲ್ಲುಗುಲಾಬಿ. ಹೆಸರಿಟ್ಟವಳು ನನ್ನ ಅಕ್ಕ, ಅಂಬಕ್ಕ.

ಅಕ್ಕನ ಗಂಡ ತೀರಿಕೊಂಡಾಗ ಅವಳಿಗೆ ಅವನ ಮುಖದ ಗುರುತೂ ಸರಿಯಾಗಿ ಇರಲಿಲ್ಲ. ಅಂದಿನಿಂದ ಬೋಳು ತಲೆ, ಕೆಂಪು ಸೀರೆ, ಒಂದು ಹೊತ್ತಿನ ಊಟ. ನಾನು ನೌಕರಿ ಹಿಡಿದು ಧಾರವಾಡದಿಂದ ಪುಣೆಗೆ ಬಂದಾಗ ಅವಳೂ ಬಂದಳು. ಬೆಳಗಾವಿ ಕಡೆಯ ವಕೀಲರೊಬ್ಬರ ವಾಡೆಯಲ್ಲಿ ಮಾಳಿಗೆಯ ಮೇಲೆ ಎರಡು ಕೋಣೆ ಸಿಕ್ಕವು. ನಮ್ಮ ಕಡೆಯವರು, ಕನ್ನಡ ಮಾತಾಡುವವರು ಎಂದು ಎಷ್ಟು ಖುಷಿಪಟ್ಟಿದ್ದೆವು!

ಸಾಹೇಬರ ವರಾಂಡದಲ್ಲಿ ಕುಂಡಗಳನ್ನು ಸರಿಸುವಾಗ ಮುರಿದು ಬಿದ್ದ ಎಲೆಗಳನ್ನು ಒಮ್ಮೆ ಅಂಗಿಯ ಕಿಸೆಯಲ್ಲಿ ಹಾಕಿಕೊಂಡು ಬಂದೆ. ಅಕ್ಕ ಒಂದನ್ನು ಮಣ್ಣಿನಲ್ಲಿ ಊರಿ ನೀರು ಹಾಕಿದಳು. ಅದು ಕೊಳೆಯಿತು. ಉಳಿದವು ಕಿಟಕಿಯ ಕಟ್ಟೆಯ ಮೇಲೆ ಮರೆತುಹೋಗಿ ಬಿದ್ದಿದ್ದವು. ಕೆಲವು ದಿನ ಬಿಟ್ಟು ನೋಡಿದರೆ, ಮುರಿದ ತುದಿಯಲ್ಲಿ ದಾರದಂಥ ಗುಲಾಬಿ ಬಣ್ಣದ ಬೇರು! ಮರಳಿಗೆ ಇಟ್ಟಂಗಿ ಪುಡಿ ಬೆರೆಸಿ, ಅದರ ಮೇಲೆ ಎಲೆಗಳನ್ನು ಸುಮ್ಮನೆ ಮಲಗಿಸಿದಳು. ಪ್ರತಿ ಎಲೆಯ ಬುಡದಲ್ಲೂ ಕಡಲೆಕಾಳಿನಷ್ಟು ಪುಟ್ಟ ಗುಲಾಬಿ ಕಟ್ಟಿತು. ತಾಯಿ ಎಲೆ ಸುಕ್ಕುಗಟ್ಟಿ ಒಣಗಿತು. ನೀರು ಕುಂಡದ ಅಂಚಿಗೆ ಮಾತ್ರ, ನಡುವೆ ಬೀಳಬಾರದು. ಮಳೆಗಾಲದಲ್ಲಿ ಸೂರಿನ ಕೆಳಗೆ. ಎಲ್ಲ ಅವಳೇ ನೋಡಿ ನೋಡಿ ಕಲಿತದ್ದು. ಎರಡನೆಯ ಚಳಿಗಾಲಕ್ಕೆ ನಮ್ಮ ಗ್ಯಾಲರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ವಕೀಲರ ಹೆಂಡತಿ ಸುಂದರಾಬಾಯಿ ಒಂದು ದಿನ ಮೇಲೆ ಬಂದರು. “ಅಂಬಕ್ಕಾ, ಕ್ಯಾಂಪಿನ್ಯಾಗ ಇಂಗ್ಲೀಷರ ಹೂಗಿಡದ ಪ್ರದರ್ಶನ ಅದರಿ. ಇವನ್ನ ಒಯ್ದು ಇಡ್ತೀವಿ. ಆಮ್ಯಾಲೆ ತಂದು ಕೊಡ್ತೀವಿ.” ಅಕ್ಕ ಒಂದೊಂದು ಕುಂಡವನ್ನೂ ಒರೆಸಿ ಕೊಟ್ಟಳು. ಅವಳನ್ನು ಯಾರೂ ಕರೆಯಲಿಲ್ಲ. ನಾನು ಹೋಗಿ ಹಿಂದೆ ನಿಂತಿದ್ದೆ. ಫಸ್ಟ್ ಪ್ರೈಜ್ ಬಂತು. ಬೆಳ್ಳಿಯ ಕಪ್ಪು ಕೊಡುತ್ತ ಮೇಮ್‌ಸಾಹೇಬರೊಬ್ಬರು, ಬೆಳೆಸಿದವರು ಯಾರು ಎಂದು ಕೇಳಿದರು.

“ನಮ್ಮ ಮಾಲಿ” ಎಂದರು ಸುಂದರಾಬಾಯಿ.

ಆ ವಾಡೆಯಲ್ಲಿ ಮಾಲಿಯೇ ಇಲ್ಲ.

ಕುಂಡಗಳು ಮೇಲೆ ಬರಲಿಲ್ಲ. ವಕೀಲರ ಮುಂದಿನ ವರಾಂಡದಲ್ಲಿ, ಕಕ್ಷಿದಾರರಿಗೆ ಕಾಣುವಂತೆ ಸಾಲಾಗಿ ಕೂತವು. ಆಳು ದಿನಾ ಬೆಳಿಗ್ಗೆ ತಂಬಿಗೆಯಿಂದ ಗಿಡದ ನಡುವಿಗೇ ನೀರು ಸುರಿಯುತ್ತಿದ್ದ. ಅಕ್ಕ ತಡೆಯಲಾರದೆ ಒಂದು ಬೆಳಿಗ್ಗೆ ಹೇಳಲು ಕೆಳಗಿಳಿದಳು. ವಕೀಲರು ಕೋರ್ಟಿಗೆ ಹೊರಟಿದ್ದರು. ಅವಳನ್ನು ಕಂಡವರೇ ಒಳಗೆ ಹೋಗಿ ಕೂತು, ನೀರು ಕುಡಿದು, ಮತ್ತೆ ಹೊರಟರು. (ಲಂಡನ್ನಿನಲ್ಲಿ ಓದಿ ಬಂದವರು.) ಸಂಜೆ ಸುಂದರಾಬಾಯಿ ನನ್ನ ಹೆಂಡತಿಗೆ ಹೇಳಿದರು: “ಅಂಬಕ್ಕಗ ಮುಂಜಾನೆ ಮುಂದ ಬರಬ್ಯಾಡ ಅಂತ ಹೇಳ್ರಿ.”

ಅಕ್ಕ ಮತ್ತೆ ಇಳಿಯಲಿಲ್ಲ. ಗಿಡಗಳ ನಡು ಕಪ್ಪಾಯಿತು. ಎಲೆಗಳು ನೀರು ತುಂಬಿದ ಗಾಜಿನಂತಾಗಿ, ಮುಟ್ಟಿದರೆ ಕಳಚಿದವು. ಆಗ ಸುಂದರಾಬಾಯಿ ಮೆಟ್ಟಿಲ ಕೆಳಗೆ ನಿಂತು, ನಮಗೆ ಕೇಳುವ ಹಾಗೆ ಹೇಳಿದರು: “ಎಂಥಾ ಕೈಯಿಂದ ಹಚ್ಚಿದ್ದೋ ಏನೋ, ಒಂದೂ ಉಳೀಲಿಲ್ಲ.”

ಪ್ರೈಜ್ ಬಂದಾಗ ಮಾಲಿಯ ಕೈ. ಕೊಳೆತಾಗ ಅಕ್ಕನ ಕೈ. ಇಲ್ಲದ ಮಾಲಿಗೆ ಸಿಕ್ಕ ಮರ್ಯಾದೆ ಇರುವ ಅಕ್ಕನಿಗೆ ಯಾಕೆ ಸಿಗಲಿಲ್ಲ? ಅಕ್ಕ ಅಕ್ಕಿಯಲ್ಲಿ ಹರಳು ಆರಿಸುತ್ತಿದ್ದಳು.

ಹೋದ ವಾರ ಸುಂದರಾಬಾಯಿ ಮತ್ತೆ ಮೇಲೆ ಬಂದರು. ನಮ್ಮ ಗ್ಯಾಲರಿಯ ಹಳೆ ಡಬ್ಬಿಯಲ್ಲಿ, ಅಂದು ಕುಂಡ ಒರೆಸುವಾಗ ಕಳಚಿದ ಎಲೆಗಳಿಂದ ಹುಟ್ಟಿದ ಹೊಸ ಸಸಿಗಳಿದ್ದವು. “ಮೇಮ್‌ಸಾಹೇಬ್ರಿಗೆ ಸಸಿ ಕೊಡ್ತೀನಿ ಅಂತ ಅಂದೀನಿ. ಇವನ್ನ ಕೊಡ್ರಿ, ಅಂಬಕ್ಕಾ.”

“ಬ್ಯಾಡ್ರಿ” ಎಂದಳು ಅಕ್ಕ. “ಇವೂ ನಾನಽ ಹಚ್ಚಿದ್ದು. ದೊಡ್ಡವರ ಮನ್ಯಾಗ ಸತ್ತರ ನಿಮಗ ಕೆಟ್ಟ ಹೆಸರು.”

ಸುಂದರಾಬಾಯಿ ನಕ್ಕರು. “ಅಯ್ಯ, ಅದೇನೋ ಸಿಟ್ಟಿನ್ಯಾಗ ಅಂದಿದ್ದೆ.”

“ನಾ ಸಿಟ್ಟಿನ್ಯಾಗ ಅನ್ನಾಕತ್ತಿಲ್ಲರಿ. ಕೊಡೂದಿಲ್ಲ.”

ಇಷ್ಟು ವರ್ಷಗಳಲ್ಲಿ ಅಕ್ಕನ ಬಾಯಿಂದ ಈ ಮಾತನ್ನು ನಾನು ಕೇಳಿದ್ದು ಇದೇ ಮೊದಲು. ಕೇಳಿದವರಿಗೆಲ್ಲ ಕೊಟ್ಟವಳು ಅವಳು. ಕೂದಲನ್ನೂ ಕೊಟ್ಟವಳು. ಒಲೆಯ ಮುಂದಿದ್ದ ನನ್ನ ಹೆಂಡತಿ ಸೌಟು ಹಿಡಿದು ಹಾಗೇ ನಿಂತಳು.

ಮರುದಿನ ಸಂಜೆ ವಕೀಲರು ನನ್ನನ್ನು ಕರೆಸಿದರು. “ನಮಗ ಮಾಳಿಗಿ ಬೇಕಾಗೇದ. ಈ ತಿಂಗಳ ಕಡೀಕ ಖಾಲಿ ಮಾಡ್ರಿ.” ಗಿಡದ ಸುದ್ದಿಯನ್ನೇ ಎತ್ತಲಿಲ್ಲ. ವಕೀಲರಲ್ಲವೇ?

“ನಾಕು ಎಲಿ ಸಲುವಾಗಿ ಮನಿ ಬಿಡೂದೇನ್ರಿ?” ಎಂದು ಹೆಂಡತಿ ಅತ್ತಳು. ಅವಳ ಮಾತೂ ಸುಳ್ಳಲ್ಲ. ನಾನು ಎದ್ದು ಡಬ್ಬಿಗೆ ಕೈ ಹಾಕಿದೆ. ಅಕ್ಕ ನೋಡಿದಳು. “ಒಯ್ಯಿ. ಆದರ ನಾ ಕೊಟ್ಟೆ ಅಂತ ಹೇಳಬ್ಯಾಡ.”

ಡಬ್ಬಿ ಇದ್ದಲ್ಲೇ ಇಟ್ಟೆ.

ಆಮೇಲೆ ಮನೆ ಹುಡುಕುವ ಕೆಲಸ. ಎಲ್ಲೆಡೆ ಒಂದೇ ಪ್ರಶ್ನೆ: ಮನೆಯಲ್ಲಿ ಯಾರ‍್ಯಾರಿದ್ದೀರಿ? ಅಕ್ಕನ ಹೆಸರು ಹೇಳಿದ ಕೂಡಲೇ ಕೋಣೆಗೆ ಬೇರೆಯವರು ಮೊದಲೇ ಮಾತು ಕೊಟ್ಟಿರುತ್ತಾರೆ. ಕೊನೆಗೆ ಶಿವಾಜಿನಗರ ಸ್ಟೇಶನ್ ಕಡೆ ಒಬ್ಬ ಪ್ರೊಫೆಸರರು ಸಿಕ್ಕರು. ಸ್ತ್ರೀಯರ ಉದ್ಧಾರದ ಬಗ್ಗೆ ಸಭೆಗಳಲ್ಲಿ ಮಾತಾಡುವವರು. (ನಾನೂ ಒಮ್ಮೆ ಕೈ ನೋಯುವಷ್ಟು ಚಪ್ಪಾಳೆ ತಟ್ಟಿದ್ದೆ.) ಹೊಸ ಮನೆ, ಒಳ್ಳೆಯ ಗಾಳಿ, ನಲ್ಲಿಯ ನೀರು. ಅಕ್ಕನ ವಿಷಯ ಹೇಳಿದೆ. ಅವರು ಮುಖ ಸಿಂಡರಿಸಲಿಲ್ಲ. ಬಹಳ ಸೌಮ್ಯವಾಗಿ ಮರಾಠಿಯಲ್ಲಿ ಹೇಳಿದರು: “ಏನೂ ಅಡ್ಡಿಯಿಲ್ಲ. ಹಿಂದೆ ಪ್ರತ್ಯೇಕ ಬಾಗಿಲಿದೆ. ನಿಮ್ಮ ಅಕ್ಕನವರಿಗೆ ಅನುಕೂಲವಾಗುತ್ತದೆ.”

ಎಂಥ ದೊಡ್ಡ ಮನಸ್ಸು ಎಂದುಕೊಂಡು ಹಿಗ್ಗಿನಿಂದ ಮನೆಗೆ ಬಂದೆ. ಅಕ್ಕನ ಮುಂದೆ ಎಲ್ಲವನ್ನೂ ಬಣ್ಣಿಸಿದೆ. ಗಾಳಿ, ನಲ್ಲಿ, ಪ್ರೊಫೆಸರರ ಸೌಮ್ಯ ಮಾತು, ಹಿಂದಿನ ಬಾಗಿಲು.

ಅಕ್ಕ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕೇಳಿದಳು:

“ಮುಂದಿನ ಬಾಗಲಕ್ಕ ಏನಾಗೇದ?”